ಬರ್ಮಾದ ಮಗ್ಗು

ಮನೆಗೆ ನೆಂಟರು ಬಂದರೆ ಮಡಿಕೇರಿಯ ಸನ್ನಿಸೈಡ್ ತೋರಿಸುವುದು ನನ್ನ ಪಾಲಿನ ಕೆಲಸ. ಜನರಲ್ ತಿಮ್ಮಯ್ಯನವರ ಮನೆ. 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಯಿತು. 1948ರಲ್ಲಿ ಕಾಶ್ಮೀರದ ಜೋಜಿಲಾದ ಎತ್ತರಕ್ಕೆ ಟ್ಯಾಂಕ್ ಹತ್ತಿಸಿದವರು, 1953ರಲ್ಲಿ ಕೊರಿಯಾದಲ್ಲಿ ಯುದ್ಧಕೈದಿಗಳ ವಿಷಯ ನೋಡಿಕೊಂಡವರು, 1965ರಲ್ಲಿ ಸೈಪ್ರಸ್‌ನಲ್ಲಿ ತೀರಿಕೊಂಡವರು. ಅಂಥವರಿಗೆ ಒಂದು ಮನೆ ಬೇಕೇ ಬೇಕು.

ಆದರೆ ನಮ್ಮ ಕೊಡಗಿನಲ್ಲಿ ಸೈನ್ಯ ಅಂದರೆ ಬರೀ ಜನರಲ್‌ಗಳಲ್ಲ ಅಲ್ವಾ? ಹವಾಲ್ದಾರರು, ಸುಬೇದಾರರು, ಡ್ರೈವರ್‌ಗಳು, ಅಡುಗೆಯವರು ಎಷ್ಟು ಜನ! ಅವರ ಮ್ಯೂಸಿಯಂ ಅಂದರೆ ಅಟ್ಟದ ಮೇಲಿನ ತಗಡಿನ ಟ್ರಂಕು. ಅದನ್ನು ಹಾಳು ಮಾಡುವವರು ನಾವೇ. ನಾನೂ ಮಾಡಿದ್ದೇನೆ.

ನಮ್ಮನೆಯಲ್ಲಿ ಅಕ್ಕಿ ಅಳೆಯಲು ಒಂದು ಎನಾಮೆಲ್ ಮಗ್ಗು ಇತ್ತು. ಬಿಳಿ ಬಣ್ಣ, ಅಂಚಿಗೆ ನೀಲಿ ಗೆರೆ, ಬಾಯಿಯ ಹತ್ತಿರ ಎನಾಮೆಲ್ ಎದ್ದು ಕಪ್ಪು ಕಲೆ. ತಳದಲ್ಲಿ ಮೊಳೆಯಿಂದ ಗೀಚಿದ ಯಾವುದೋ ನಂಬರು. ಅಡುಗೆಮನೆ ರಿಪೇರಿಯ ಹೊತ್ತಿನಲ್ಲಿ ತೂತುಬಿದ್ದ ಪಾತ್ರೆಗಳ ಜೊತೆ ನಾನೇ ಅದನ್ನು ಗುಜರಿಯವನ ಚೀಲಕ್ಕೆ ಹಾಕಿದೆ. ಸಂಜೆ ಅಜ್ಜಿ ಅಕ್ಕಿ ಡಬ್ಬದೊಳಗೆ ಕೈಯಾಡಿಸಿ ಕೇಳಿದರು, "ಬರ್ಮಾದ ಮಗ್ಗು ಎಲ್ಲಿ ಮಗ?"

ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದ ಅಜ್ಜನ ಸೈನ್ಯದ ನಂಬರಂತೆ ಅದು. ಹುಟ್ಟಿದಾಗಿಂದ ಆ ಮಗ್ಗಿನಲ್ಲಿ ಅಳೆದ ಅಕ್ಕಿಯ ಅನ್ನ ತಿಂದವನು ನಾನು. ಒಂದು ದಿನವೂ ಕೇಳಿರಲಿಲ್ಲ.

ಆ ಯುದ್ಧಕ್ಕೆ ಅಜ್ಜನಿಗೆ ಸಿಕ್ಕ ಪದಕ, ಬರ್ಮಾ ಸ್ಟಾರ್, ಮಾತ್ರ ಶೋಕೇಸಿನಲ್ಲಿ ಭದ್ರವಾಗಿದೆ. ಆರು ಮೂಲೆಯ ಅಂಥ ಪದಕ ಸಾವಿರಾರು ಸೈನಿಕರಿಗೆ ಸಿಕ್ಕಿದೆ. ಆ ಮಗ್ಗು ಇದ್ದದ್ದು ಒಂದೇ. (ಪದಕಗಳನ್ನು ಪಾಲಿಶ್ ಹಾಕಿ ತಿಕ್ಕುವವರಿಗೆ ಒಂದು ಮಾತು: ಅಂಚಿನಲ್ಲಿ ಹೆಸರು ಕೊರೆದಿದ್ದರೆ ಅದೂ ಸವೆದು ಹೋಗುತ್ತದೆ. ಸುಮ್ನೆ ಬಿಟ್ಟುಬಿಡಿ.)

ಅಜ್ಜನ ಟ್ರಂಕಿನಲ್ಲಿ ಉಳಿದದ್ದು ನಾಲ್ಕಾರು ಕಾಗದ, ಮನಿಯಾರ್ಡರ್ ಚೀಟಿಗಳು, ಸೂಜಿ-ದಾರದ ಒಂದು ಖಾಕಿ ಚೀಲ. ಕಾಗದಗಳಲ್ಲಿ ಯುದ್ಧವೇ ಇಲ್ಲ. ಹಸು ಕರು ಹಾಕಿತಾ, ಗದ್ದೆ ನಾಟಿ ಆಯಿತಾ, ಇಷ್ಟೇ. ಎಲ್ಲಿದ್ದೇನೆ ಅಂತಲೂ ಬರೆದಿಲ್ಲ. ಬರೆದರೆ ಸೆನ್ಸಾರಿನವರು ಬಿಡುತ್ತಿರಲಿಲ್ಲ. ಹಾಗಾಗಿ ಹೇಳುವವರು ಹೋದರೆ ಆ ಕಾಗದವೂ ಮೂಕ.

ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ಗೆ, ಅಂದರೆ ನಮ್ಮ ಆಯುಧಪೂಜೆಯ ಹಬ್ಬಕ್ಕೆ, ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಕೋವಿ, ಒಡಿಕತ್ತಿ ಇಟ್ಟು ತೋಕ್‌ ಪೂ (ಕೋವಿ ಹೂ) ಮುಡಿಸುತ್ತೇವೆ. ಈ ಸಲ ಟ್ರಂಕಿನ ಸಾಮಾನೂ ತನ್ನಿ, ಒಂದೊಂದಕ್ಕೂ ಚೀಟಿ ಕಟ್ಟೋಣ ಅಂದೆ. ಯಾರದು, ಎಲ್ಲಿಂದ ಬಂತು, ಹೇಳಿದವರು ಯಾರು, ಮೂರೇ ಸಾಲು. "ಇನ್ನು ಮಗ್ಗಿಗೂ ಪೂಜೆಯಾ?" ಅಂತ ನಕ್ಕರು. ನಗಲಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಮನೆಗಳೇ ಹೋದವು. ಉಟ್ಟ ಬಟ್ಟೆಯಲ್ಲಿ ಓಡಿದವರು ಟ್ರಂಕು ಹೊತ್ತು ಓಡುತ್ತಾರಾ? ಅದಕ್ಕೇ ಚೀಟಿಯ ಜೊತೆ ಒಂದು ಫೋಟೋನೂ ತೆಗೆದಿಡಿ ಅನ್ನುತ್ತಿದ್ದೇನೆ.

ಹೋದ ವಾರ ತೊಂಬತ್ತು ದಾಟಿದ ಅಜ್ಜಿಯ ಪಕ್ಕ ಫೋನ್ ಇಟ್ಟು ರೆಕಾರ್ಡ್ ಮಾಡಿದೆ. ಯುದ್ಧದ ಬಗ್ಗೆ ಕೇಳಿದರೆ ಅವರು ಶುರು ಮಾಡಿದ್ದು ಮಗ್ಗಿನಿಂದ. ಊರಿಗೆ ಬಂದ ಮೇಲೂ ಅಜ್ಜ ಬೇರೆ ಲೋಟ ಮುಟ್ಟುತ್ತಿರಲಿಲ್ಲವಂತೆ. ಮಗ್ಗು ತುಂಬ ಬೆಲ್ಲದ ಕಾಫಿ ಕುಡಿದು, ತಾನೇ ತೊಳೆದು, ರಾತ್ರಿ ತಲೆದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುತ್ತಿದ್ದರಂತೆ. ಯಾರಾದರೂ ಕದ್ದುಬಿಟ್ಟಾರು ಅಂತ. ಸ್ವಂತ ಮನೆಯಲ್ಲಿ!