ಸೋವಿಯತ್ ಫೈಟರ್ ವಿಮಾನ ಮಿಗ್-3 ಇನ್ನೂ ಯಾಕೆ ನಿಂತಿಲ್ಲ ಅಂತ ಕೇಳಿದ್ದೇ ತಪ್ಪಾ?

ನಾವು ಆಡೋ ಎರಡನೇ ಮಹಾಯುದ್ಧದ ಕಂಪ್ಯೂಟರ್ ಆಟದಲ್ಲಿ ಪೈಲಟ್ ಹಿಂದೆ ಗನ್ನರ್ ಕೂತಿದ್ದಾನೆ. ನೆಲದ ಮೇಲಿನ ಶತ್ರುವನ್ನು ಹೊಡೆಯೋ ಸೋವಿಯತ್ ಇಲ್-2 ವಿಮಾನದಲ್ಲಿ. ಅದೂ ಜೂನ್ 1941ರಲ್ಲಿ! ಆರಾಮಾಗಿ ಕೂತು ಜರ್ಮನ್ ಮೆಸರ್‌ಶ್ಮಿಟ್ ವಿಮಾನಗಳನ್ನು ಒಂದೊಂದಾಗಿ ಉರುಳಿಸುತ್ತಿದ್ದಾನೆ. ಎಲ್ಲಿಂದ ಬಂದ ಸ್ವಾಮಿ ಇವನು? ಆ ವರ್ಷ ಇಲ್-2ರಲ್ಲಿ ಇದ್ದದ್ದು ಒಂದೇ ಸೀಟು. ಬೆನ್ನ ಹಿಂದೆ ಬಂದವರನ್ನು ತಡೆಯೋಕೆ ಯಾರೂ ಇಲ್ಲದೆ ಎಷ್ಟೋ ಪೈಲಟ್‌ಗಳು ಸತ್ತರು. ಎರಡು ಸೀಟಿನದು ಯುದ್ಧಕ್ಕೆ ಬಂದದ್ದು 1942ರ ಕೊನೆಯ ಹೊತ್ತಿಗೆ. ಆಗಲೂ ಪಾಪ ಗನ್ನರ್ ಕೂರಬೇಕಾಗಿದ್ದು ಉಕ್ಕಿನ ಕವಚದ ಹೊರಗೆ.

ನಾನು ಹೇಳಿದ್ದು ಇಷ್ಟೇ. ಸರಿ, ಇಷ್ಟೇ ಅಲ್ಲ, ಸ್ವಲ್ಪ ಜಾಸ್ತಿನೇ ಹೇಳಿದೆ. ಆದರೆ ಈ ಮಾಡ್ (ಅಂದರೆ ಮೂಲ ಆಟವನ್ನು ಬದಲಾಯಿಸಿ ಮಾಡಿದ ಆವೃತ್ತಿ) ಬಗ್ಗೆ "ನೂರಕ್ಕೆ ನೂರು ನಿಜವಾದ ಇತಿಹಾಸ" ಅಂತ ಬರೆದುಕೊಂಡವರು ನಾವಲ್ಲ, ಅವರೇ. ಅದನ್ನು ಮಾಡಿದವರಲ್ಲಿ ಒಬ್ಬ ನಿನ್ನೆ ರಾತ್ರಿ ನಮ್ಮ ಗ್ಯಾಂಗ್ ಜೊತೆ ಆಡೋಕೆ ಬಂದಿದ್ದ. ತಪ್ಪು ಕಂಡರೆ ಹೇಳಿ ಅಂದವನೂ ಅವನೇ. ಹೇಳಿದೆ.

"ಮಿಗ್-3 1944ರಲ್ಲೂ ಫ್ಯಾಕ್ಟರಿಯಿಂದ ಬರ್ತಾನೇ ಇದೆಯಲ್ಲ ಗುರು?" ಅಂದೆ.

"ಬರಲಿ ಬಿಡಿ, ನೋಡೋಕೆ ಚೆನ್ನಾಗಿದೆ ಅಲ್ವಾ?" ಅಂದ.

ನೋಡೋಕೆ! ಬಣ್ಣ ಸರಿಯಾಗಿದೆ, ಬಾಲದ ಮೇಲಿನ ಕೆಂಪು ನಕ್ಷತ್ರವೂ ಸರಿಯಾಗಿದೆ, ಒಪ್ಪಿದೆ. ಆದರೆ ಇದು ಸ್ಟ್ರಾಟಜಿ ಆಟ ಕಣ್ರಪ್ಪ! ಮಿಗ್-3ರ ಎಎಂ-35ಎ ಇಂಜಿನ್, ಇಲ್-2ರ ಎಎಂ-38 ಇಂಜಿನ್, ಎರಡೂ ಇಂಜಿನ್ ತಜ್ಞ ಮಿಕೂಲಿನ್ ವಿನ್ಯಾಸ, ಎರಡೂ ಒಂದೇ ಫ್ಯಾಕ್ಟರಿಯಿಂದ ಬರಬೇಕು. ಇರೋದು ಒಂದೇ ಒಲೆ, ಪಾತ್ರೆ ಎರಡು. ಜರ್ಮನರು ಮಾಸ್ಕೋ ಬಾಗಿಲಿಗೆ ಬಂದಿದ್ದಾರೆ, ಫ್ಯಾಕ್ಟರಿಗಳನ್ನು ಬಿಚ್ಚಿ ರೈಲಿಗೆ ತುಂಬಿ ಪೂರ್ವಕ್ಕೆ ಸಾಗಿಸುತ್ತಿದ್ದಾರೆ. ಇಲ್-2 ನಮ್ಮ ಸೈನ್ಯಕ್ಕೆ ಗಾಳಿಯಷ್ಟೇ, ಬ್ರೆಡ್ಡಿನಷ್ಟೇ ಬೇಕು ಅಂತ ಸ್ಟಾಲಿನ್ ಫ್ಯಾಕ್ಟರಿ ನಿರ್ದೇಶಕರಿಗೆ ಬೈದು ತಂತಿ ಕಳಿಸುತ್ತಾನೆ. ಕೊನೆಗೆ ಮಿಗ್-3 ನಿಲ್ಲಿಸಿದರು. 3,000ಕ್ಕೂ ಜಾಸ್ತಿ ಮಾಡಿದ್ದ ವಿಮಾನ ಅದು! ಒಂದು ಬೇಕು ಅಂದರೆ ಇನ್ನೊಂದು ಬಿಡಬೇಕು. ಆಟಗಾರ ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದೇ. ಈ ಮಾಡ್‌ನಲ್ಲಿ ಎರಡು ಬಟನ್ ಒತ್ತಿದರೆ ಎರಡೂ ಬರುತ್ತವೆ. ಆಮೇಲೆ ಯೋಚನೆ ಮಾಡೋಕೆ ಏನು ಉಳಿಯಿತು, ಬಣ್ಣ ನೋಡಿಕೊಂಡು ಕೂರೋದಾ?

ಹೋಗಲಿ, ಆಟ ತಾನೇ. ಬಿಟ್ಟುಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಪಿಒ-2 ಅನ್ನೋ ಪುಟ್ಟ ವಿಮಾನ ನಕ್ಷೆಯ ಮೇಲೆ ವೇಗದ ಬಾಂಬರ್ ಪೆ-2ರ ವೇಗದಲ್ಲಿ ಹಾರಿಹೋಯಿತು. ಹಾಡಹಗಲಲ್ಲಿ.

ಇಲ್ಲಿಂದ ಮುಂದಿನದು ನೆನೆಸಿಕೊಂಡರೆ ಮೈ ಉರಿಯುತ್ತೆ. ನಾನು ಶುರು ಮಾಡಿದೆ. ಅದು ಮರ, ಬಟ್ಟೆಯ ವಿಮಾನ, ತರಬೇತಿಗೆ ಅಂತ ಮಾಡಿದ್ದು, ಗಂಟೆಗೆ 150 ಕಿ.ಮೀ. ದಾಟೋದೇ ಕಷ್ಟ ಅಂದೆ. ಸೋವಿಯತ್ ವಿಮಾನಯಾನಿ ಮರೀನಾ ರಸ್ಕೋವಾ ಕಟ್ಟಿದ 588ನೇ ಬಾಂಬರ್ ರೆಜಿಮೆಂಟಿನ ಹುಡುಗಿಯರು ಅದನ್ನು ರಾತ್ರಿ ಹಾರಿಸುತ್ತಿದ್ದರು, ಗುರಿ ಹತ್ತಿರ ಬಂದಾಗ ಇಂಜಿನ್ ಸದ್ದು ಅಡಗಿಸಿ ತೇಲಿಕೊಂಡು ಬಂದು ಬಾಂಬ್ ಹಾಕುತ್ತಿದ್ದರು ಅಂದೆ. 1942ರಲ್ಲಿ ಅದರ ಹೆಸರು ಯು-2, ಅದನ್ನು ವಿನ್ಯಾಸ ಮಾಡಿದ ಪೊಲಿಕಾರ್ಪೊವ್ ಸತ್ತ ಮೇಲೆ 1944ರಲ್ಲಿ ಪಿಒ-2 ಆಯಿತು ಅಂದೆ. ಯಾರೂ ಅಡ್ಡ ಮಾತಾಡಲಿಲ್ಲ. ಎಲ್ಲರೂ ಆಸಕ್ತಿಯಿಂದ ಕೇಳುತ್ತಿದ್ದಾರೆ ಅಂದುಕೊಂಡು ಇನ್ನೂ ಉತ್ಸಾಹ ಬಂತು. ದನಿ ಏರಿಸಿದೆ. ಪ್ಯಾರಾಚೂಟ್ ಇಲ್ಲದೆ ಹಾರುತ್ತಿದ್ದರು ಅನ್ನುವಾಗ ಗಂಟಲೂ ಕಟ್ಟಿತು, ನಿಜ ಹೇಳ್ತೀನಿ.

ಆಗ ಗ್ಯಾಂಗಿನ ಒಬ್ಬನ ಮೆಸೇಜ್ ಬಂತು. "ಲೋ, ನಿನ್ನನ್ನ ಮ್ಯೂಟ್ ಮಾಡಿ ಎಷ್ಟೋ ಹೊತ್ತಾಯ್ತು."

ಪರದೆಯ ಮೂಲೆಯಲ್ಲಿ ಕೆಂಪು ಮೈಕ್ ಗುರುತು ಇತ್ತು. ನಾನು ನಕ್ಷೆ ನೋಡುತ್ತಿದ್ದೆ. ಅವರು ಆ ಕಡೆ ನಗುತ್ತಾ ಆಟ ಮುಂದುವರಿಸಿದ್ದಾರೆ. ನನ್ನ ಭಾಷಣ ಕೇಳಿದ್ದು ನಮ್ಮಮ್ಮ ಒಬ್ಬರೇ. ಬಾಗಿಲ ಹತ್ತಿರ ನಿಂತು "ಯಾರು ಸತ್ತಿದ್ದೋ?" ಅಂದರು. ಪೊಲಿಕಾರ್ಪೊವ್ ಅಂತ ಹೇಳಲಾ ಅಮ್ಮನಿಗೆ?

ಹೌದಪ್ಪ, ಗೊತ್ತು. ಸಂಸಾರ ಬಿಟ್ಟು ಸೋವಿಯತ್ ಇಂಜಿನ್ ನಂಬರ್ ಬಾಯಿಪಾಠ ಮಾಡಿದವನು ನಾನೇ. ಎದುರುಮನೆಯವರ ಹೆಸರು ಕೇಳಿದರೆ ತಡವರಿಸ್ತೀನಿ. ಮ್ಯೂಟ್ ಮಾಡಿದ್ದು ಸರಿಯೇ ಇರಬಹುದು.

ಇಲ್ಲ, ಸರಿ ಇಲ್ಲ! ತಪ್ಪು ಹೇಳಿ ಅಂತ ಕರೆದು ಬಾಯಿ ಮುಚ್ಚಿಸೋದು ಯಾವ ಮರ್ಯಾದೆ? "ಆಟ ಬ್ಯಾಲೆನ್ಸ್ ಆಗಲಿ ಅಂತ ಹೀಗೆ ಮಾಡಿದ್ವಿ" ಅಂದಿದ್ದರೂ ಸುಮ್ನೆ ಆಗುತ್ತಿದ್ದೆ. ಒಂದು ಉತ್ತರ ಕೊಡಿ ಯಾರಾದರೂ. ಇತಿಹಾಸ ಬೇಡ ಅಂದರೆ ಆ "ನೂರಕ್ಕೆ ನೂರು" ಅಳಿಸಿ, ನಾನು ತೆಪ್ಪಗಿರ್ತೀನಿ.

ಶನಿವಾರ ಕುಬಾನ್ 1943, ಅಂದರೆ ದಕ್ಷಿಣ ರಷ್ಯದ ಕದನ, ಆಡ್ತಾರಂತೆ. ಅದರಲ್ಲಿ ಅಮೆರಿಕದ ಫೈಟರ್ ವಿಮಾನ ಏರಾಕೋಬ್ರಾಗೆ ಟ್ಯಾಂಕ್ ಹೊಡೆಯೋ ಬೋನಸ್ ಇದೆ. 37 ಮಿ.ಮೀ. ತೋಪು ಕಂಡಿತು, ಕೊಟ್ಟುಬಿಟ್ಟರು. ಉಕ್ಕು ತೂರುವ ಗುಂಡುಗಳನ್ನು ಅಮೆರಿಕ ಅದರ ಜೊತೆ ರಷ್ಯಕ್ಕೆ ಕಳಿಸಲೇ ಇಲ್ಲ. ಸೋವಿಯತ್ ಪೈಲಟ್ ಪೊಕ್ರಿಶ್ಕಿನ್ ಕುಬಾನ್‌ನಲ್ಲಿ ಅದರಿಂದ ಉರುಳಿಸಿದ್ದು ಜರ್ಮನ್ ವಿಮಾನಗಳನ್ನ. ನಾನಂತೂ ಹೋಗಲ್ಲ. ಹೋದರೂ ಬಾಯಿ ಬಿಡಲ್ಲ. ನಿಮ್ಮಲ್ಲಿ ಯಾರಾದರೂ ಹೋದರೆ ಇದನ್ನ ಆ ಮಾಡ್ ಮಾಡಿದವನಿಗೆ ಹೇಳ್ತೀರಾ? ನನ್ನ ಮ್ಯೂಟ್ ಇನ್ನೂ ತೆಗೆದಿಲ್ಲ.