ಟಾಸ್ಮೇನಿಯಾದ ಸ್ಟ್ರಾನ್: ಎರಡು ರಾತ್ರಿ ತಂಗಬೇಕೇ?

ಪರ: ತಂಗದಿದ್ದರೆ ಸಾರಾ ದ್ವೀಪ ದಕ್ಕುವುದಿಲ್ಲ

ಆಸ್ಟ್ರೇಲಿಯಾದ ದ್ವೀಪರಾಜ್ಯ ಟಾಸ್ಮೇನಿಯಾದ ಪಶ್ಚಿಮ ಕರಾವಳಿಯ ಈ ಊರನ್ನು ಬರೆಯುವುದು ಸ್ಟ್ರಾಹನ್ ಎಂದಾದರೂ ಊರಿನವರ ಬಾಯಲ್ಲಿ ಅದು ಸ್ಟ್ರಾನ್. ರಾಜಧಾನಿ ಹೋಬಾರ್ಟ್‌ನಿಂದ 300 ಕಿ.ಮೀ. ತಾನೇ, ಮೂರು ಗಂಟೆ ಸಾಕು ಎಂದುಕೊಂಡವರು ಏಮಾರುತ್ತಾರೆ. ಲೈಲ್ ಹೆದ್ದಾರಿಯಲ್ಲಿ ನಿಲ್ಲದೆ ಹೋದರೂ ನಾಲ್ಕೂವರೆ ಗಂಟೆ ಬೇಕು. ಕ್ವೀನ್ಸ್‌ಟೌನ್‌ಗೆ ಇಳಿಯುವ ತಿರುವುಗಳಲ್ಲಂತೂ ಹಿಂದಿನ ಸೀಟಿನವರಿಗೆ ಹೊಟ್ಟೆ ತೊಳಸುತ್ತದೆ.

ಹಿಂದೆ ಕೈದಿಗಳನ್ನಿಟ್ಟಿದ್ದ ಸಾರಾ ದ್ವೀಪಕ್ಕೂ ಗಾರ್ಡನ್ ನದಿಗೂ ಹೋಗುವ ದೋಣಿ ಹೊರಡುವುದು ಬೆಳಗ್ಗೆ ಒಂಬತ್ತರ ಆಸುಪಾಸಿಗೆ. ಮರಳಲು ಸುಮಾರು ಆರು ಗಂಟೆ. ಆದ್ದರಿಂದ ಹಿಂದಿನ ರಾತ್ರಿಯೇ ಅಲ್ಲಿರಬೇಕು. ದೋಣಿ ಇಳಿದ ಕೂಡಲೇ ಹೋಬಾರ್ಟ್‌ಗೆ ಹೊರಟರೆ ಬೇಸಿಗೆಯ ಉದ್ದ ಹಗಲು ಬಿಟ್ಟರೆ ದಾರಿಯಲ್ಲೇ ಮುಸ್ಸಂಜೆ; ಪುಟ್ಟ ಕಾಂಗರೂವಿನಂಥ ವಾಲಬಿ, ಬಿಲ ತೋಡುವ ವೊಂಬ್ಯಾಟ್‌ಗಳು ರಸ್ತೆಗೆ ಬರುವ ಹೊತ್ತು. ವೊಂಬ್ಯಾಟ್ ಗಿಡ್ಡ, ಆದರೆ ಗಟ್ಟಿ, 25 ಕೆ.ಜಿ.ಯಷ್ಟು ತೂಗುತ್ತದೆ. ಗುದ್ದಿದರೆ ಕಾರಿನ ಮುಂಭಾಗ ಉಳಿಯದು. ಕತ್ತಲಲ್ಲಿ ಪ್ರಾಣಿಗೆ ಗುದ್ದಿದರೆ ಕೆಲವು ಬಾಡಿಗೆ ಕಾರುಗಳ ವಿಮೆ ಸಿಗುವುದಿಲ್ಲ, ಕರಾರು ಓದಿಯೇ ಸಹಿ ಹಾಕಿ. ಎರಡನೆಯ ರಾತ್ರಿ ಬೇಕಾಗುವುದು ಇದಕ್ಕೇ.

ಕರಿನೀರಿನ ಶಿಕ್ಷೆ ಎಂದರೆ ನಮಗೆ ಅಂಡಮಾನ್. ಬ್ರಿಟಿಷರು ಅಲ್ಲಿ ಕೈದಿಗಳ ವಸಾಹತು ಹೂಡಿದ್ದು 1858ರಲ್ಲಿ. ಅದಕ್ಕೂ 36 ವರ್ಷ ಮೊದಲೇ ಸಾರಾ ದ್ವೀಪ ಶುರುವಾಗಿತ್ತು. ಬ್ರಿಟನ್ನಿನಿಂದ ಗಡಿಪಾರಾಗಿ ಬಂದು ಮತ್ತೆ ತಪ್ಪು ಮಾಡಿದವರನ್ನು 1822ರಿಂದ 1833ರವರೆಗೆ ಇಲ್ಲಿಗೆ ತಳ್ಳುತ್ತಿದ್ದರು. ಸ್ಟ್ರಾನೂ ಈ ದ್ವೀಪವೂ ಇರುವ ಮ್ಯಾಕ್ವಾರಿ ಕೊಲ್ಲಿಯ ಕಿರಿದಾದ ಬಾಯಿಗೆ 'ನರಕದ ಬಾಗಿಲು' ಎಂಬ ಹೆಸರು ಇಂದಿಗೂ ಇದೆ.

ಇಲ್ಲಿನ ಕೈದಿಗಳು ಹಡಗು ಕಟ್ಟುತ್ತಿದ್ದುದು ಹುವಾನ್ ಪೈನ್ ಮರದಿಂದ. ಹಳದಿ ಬಣ್ಣ, ಮೂಗಿಗೆ ಹತ್ತುವ ಸಿಹಿ ವಾಸನೆ. ಒಳಗಿನ ಎಣ್ಣೆಯಿಂದಾಗಿ ನೀರಿನಲ್ಲಿ ಬಿದ್ದಿದ್ದರೂ ಸುಲಭಕ್ಕೆ ಕೊಳೆಯದು. 1834ರಲ್ಲಿ ಇಲ್ಲಿ ಕಟ್ಟಿದ ಕೊನೆಯ ಹಡಗು ಫ್ರೆಡರಿಕ್ ಅನ್ನೇ, ಅದನ್ನು ಮುಗಿಸಲೆಂದು ಹಿಂದುಳಿದಿದ್ದ ಹತ್ತು ಕೈದಿಗಳು ಕದ್ದು, ಶಾಂತಸಾಗರ ದಾಟಿ ಚಿಲಿ ತಲುಪಿದರು.

ಗಾರ್ಡನ್ ನದಿಯ ನೀರು ಡಿಕಾಕ್ಷನ್ ಬಣ್ಣದ್ದು, ಪಾಚಿಯಲ್ಲ, ಕೊಳೆಯೂ ಅಲ್ಲ. ಮೇಲಿನ ಬಯಲುಗಳ ಬಟನ್ ಹುಲ್ಲಿನಿಂದ ಇಳಿದ ಒಗರು. ಆ ಕಪ್ಪಿನಿಂದಲೇ ಗಾಳಿಯಿಲ್ಲದ ಬೆಳಗ್ಗೆ ನದಿ ಕನ್ನಡಿಯಾಗುತ್ತದೆ. ಮೋಡವಿದ್ದರೂ ಚಿತ್ರ ಚೆನ್ನಾಗಿಯೇ ಬರುತ್ತದೆ.

ವಿರೋಧ: ಕೈದಿಗಳ ಕತೆಗಾದರೆ ಈ ಊರಲ್ಲ

ಸ್ಟ್ರಾನ್ ಕೈದಿಗಳ ಊರೇ ಅಲ್ಲ. ದ್ವೀಪ ಖಾಲಿಯಾಗಿ ದಶಕಗಳ ಮೇಲೆ ಮರ ಮತ್ತು ಅದಿರು ಸಾಗಿಸಲು ಹುಟ್ಟಿದ ಬಂದರು ಅದು. ದ್ವೀಪವಿರುವುದು ಕೊಲ್ಲಿಯ ಆಚೆಯ ತುದಿಯಲ್ಲಿ. ಆರು ಗಂಟೆಯ ಪಯಣದಲ್ಲಿ ಅದರ ಪಾಲು ಸುಮಾರು ಒಂದು ಗಂಟೆ. ನೋಡಲು ಸಿಗುವುದು ಸೆರೆಮನೆಯ ಒಡೆದ ಗೋಡೆ, ಬೇಕರಿಯ ಇಟ್ಟಿಗೆ, ಮರಗಳು. ಮಾರ್ಗದರ್ಶಿ ಸೊಗಸಾಗಿ ಹೇಳಿದರೆ ಗೆದ್ದಿರಿ, ಇಲ್ಲದಿದ್ದರೆ ಅಷ್ಟೇ.

ಇನ್ನೊಂದು ಹಳೆಯ ಕೈದಿ ವಸಾಹತು ಪೋರ್ಟ್ ಆರ್ಥರ್ ಹಾಗಲ್ಲ. ಹೋಬಾರ್ಟ್‌ನಿಂದ ಒಂದೂವರೆ ಗಂಟೆಯ ದಾರಿ, ಮೂವತ್ತಕ್ಕೂ ಹೆಚ್ಚು ಕಟ್ಟಡ ಮತ್ತು ಅವಶೇಷಗಳು. ಕೈದಿಯನ್ನು ಹೊಡೆಯದೆ ಮೌನದಲ್ಲೇ ಮುರಿಯುತ್ತಿದ್ದ ಒಂಟಿ ಕೋಣೆಗಳೊಳಗೆ ನಿಂತು ನೋಡಬಹುದು. ಸಾರಾ ದ್ವೀಪ ಮುಚ್ಚಿದಾಗ ಕೈದಿಗಳನ್ನು ಸಾಗಿಸಿದ್ದೂ ಅಲ್ಲಿಗೇ. ಇರುವುದು ಮೂರೇ ದಿನವಾದರೆ ಅದರಲ್ಲಿ ಒಂಬತ್ತು ಗಂಟೆಯನ್ನು ಸ್ಟ್ರಾನ್‌ನ ರಸ್ತೆಗೆ ಸುರಿಯುವುದು ದಡ್ಡತನ.

ಮಳೆ ಇನ್ನೊಂದು ತಲೆನೋವು. ವರ್ಷಕ್ಕೆ ಸುಮಾರು 1,500 ಮಿ.ಮೀ. ಎಂದರೆ ಉಡುಪಿಯವರು ನಕ್ಕಾರು. ಆದರೆ ಇದು ಯಾವ ತಿಂಗಳಲ್ಲೂ ಗಾಳಿಯ ಜೊತೆ ಅಡ್ಡಡ್ಡ ಬೀಳುವ, ಮೈ ಕೊರೆಯುವ ಮಳೆ. ಕೊಡೆ ಮಗುಚುತ್ತದೆ, ಟೋಪಿಯಿರುವ ರೇನ್‌ಕೋಟ್ ಬೇಕು. ಸಮುದ್ರ ಒರಟಾಗಿದ್ದರೆ ದೋಣಿ ನರಕದ ಬಾಗಿಲಿನಾಚೆ ಹೋಗುವುದಿಲ್ಲ.

ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಅಡುಗೆಮನೆಯಿರುವ ಕೋಣೆಯೇ ಲೇಸು. ಮೆಲ್ಬರ್ನ್‌ನಿಂದ ಬರುವವರು ಕರಿಬೇವು, ಮೆಣಸಿನಕಾಯಿ, ಹಣ್ಣು ಕಟ್ಟಿಕೊಂಡು ಬರಬೇಡಿ. ಟಾಸ್ಮೇನಿಯಾದ ಜೈವಿಕ ತಪಾಸಣೆಯಲ್ಲಿ ಹಸಿ ಪದಾರ್ಥ ಕಿತ್ತುಕೊಳ್ಳುತ್ತಾರೆ. ಅಕ್ಕಿ, ಬೇಳೆ, ಸಾರಿನಪುಡಿ ತಂದು ತರಕಾರಿಯನ್ನು ಹೋಬಾರ್ಟ್‌ನಲ್ಲೇ ಕೊಳ್ಳಿ.

ಗಾರ್ಡನ್ ನದಿ ನೋಡಲೇಬೇಕೆಂಬ ಹಟವಿದ್ದರೆ 40 ಕಿ.ಮೀ. ಈಚೆ, ಕ್ವೀನ್ಸ್‌ಟೌನ್‌ನಲ್ಲಿ ಮಲಗಿ. ಕಡಿದಾದ ಏರಿಗೆಂದು ನಡುವೆ ಹಲ್ಲಿನ ಹಳಿ ಹಾಕಿದ ಹಳೆಯ ರೈಲು ಹತ್ತುವುದೂ ಅಲ್ಲೇ. ಎಂಟಕ್ಕೆ ಮುಂಚೆ ಹೊರಟರೆ ದೋಣಿ ಸಿಗುತ್ತದೆ. ಚಳಿಗಾಲದಲ್ಲಿ ಮಾತ್ರ ರಸ್ತೆ ಹಿಮಗಟ್ಟಿರಬಹುದು, ಇನ್ನೂ ಅರ್ಧ ಗಂಟೆ ಮುಂಚೆ ಏಳಿ.