ಉಚಿತ ತಪಾಸಣೆ ಶಿಬಿರ ಯಾರಿಗೋಸ್ಕರ?

ಫಿಸಿಯೋಥೆರಪಿ ಕ್ಲಿನಿಕ್‌ನವರು ಉಚಿತ ತಪಾಸಣೆ ಶಿಬಿರ ಮಾಡೋದೇ ತಪ್ಪು ಅಂತ ನಾನು ಹೇಳುವುದಿಲ್ಲ. ನಾನೂ ಫಿಸಿಯೋಥೆರಪಿಸ್ಟೇ. ಮಂಡ್ಯದಲ್ಲಿ ಚಿಕ್ಕದೊಂದು ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ನಾಲ್ಕೂವರೆ ವರ್ಷ ಓದಿ, ಸಾಲ ಮಾಡಿ ಮಷಿನ್ ತಂದು, ಬಾಡಿಗೆ ಮಳಿಗೆಗೆ ಬೋರ್ಡ್ ಹಾಕಿ ಕೂತಿರುವ ಹುಡುಗ ಹುಡುಗಿಯರ ಕಷ್ಟ ಗೊತ್ತಿದೆ. ನಮ್ಮ ಕಡೆ ಸೊಂಟ ಹಿಡಿದರೆ ಜನ ಮೊದಲು ನಾಟಿ ವೈದ್ಯರ ಹತ್ತಿರ ಹೋಗುತ್ತಾರೆ, ಇಲ್ಲವೇ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಮತ್ತೆ ಗದ್ದೆಗೆ ಇಳಿಯುತ್ತಾರೆ. ನಾವಿದ್ದೇವೆ ಅಂತ ಅವರಿಗೆ ಗೊತ್ತಾಗಬೇಕಲ್ವಾ? ಅದಕ್ಕೆ ಶಿಬಿರ ಒಳ್ಳೆಯ ದಾರಿ. ಆದರೆ ಚೆನ್ನಾಗಿರುವವರನ್ನು ಹೆದರಿಸಿ, ರೋಗಿ ಮಾಡಿ, ಕ್ಲಿನಿಕ್‌ಗೆ ಕರೆತರುವುದು ಮಾತ್ರ ನನ್ನಿಂದ ಸಹಿಸಲು ಆಗುತ್ತಿಲ್ಲ.

ಭಾನುವಾರ ಬೆಳಿಗ್ಗೆ ಮೈಸೂರಿನ ಯಾವುದಾದರೂ ಪಾರ್ಕಿನ ಗೇಟಿನ ಹತ್ತಿರ ಹೋಗಿ ನೋಡಿ. ಒಂದು ಶಾಮಿಯಾನ, ಎರಡು ಮೇಜು, ಫ್ಲೆಕ್ಸು. ವಾಕಿಂಗ್ ಮುಗಿಸಿ ಬಂದವರನ್ನು ‘ಬನ್ನಿ ಸಾರ್, ಫ್ರೀ’ ಅಂತ ಕರೆಯುತ್ತಾರೆ. ಮೊದಲು ಪುಸ್ತಕದಲ್ಲಿ ಹೆಸರು, ವಯಸ್ಸು, ಫೋನ್ ನಂಬರ್. ಆಮೇಲೆ ಚೌಕುಳಿ ಚಾರ್ಟಿನ ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಒಂದು ಫೋಟೋ. ‘ನೋಡಿ, ನಿಮ್ಮ ಬಲಭುಜ ಕೆಳಗಿದೆ.’ ನೋವೇ ಇಲ್ಲದ ಎಷ್ಟೋ ಜನರ ಭುಜ ಹಾಗೇ ಇರುತ್ತದೆ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕೊನೆಯಲ್ಲಿ ಇವತ್ತೇ ಬುಕ್ ಮಾಡಿದರೆ ಪ್ಯಾಕೇಜಿನಲ್ಲಿ ರಿಯಾಯಿತಿ. ಸಂಜೆಯೊಳಗೆ ಫೋನ್ ಕೂಡ ಬರುತ್ತದೆ.

ನನ್ನ ಹತ್ತಿರ ಬಂದ ಒಬ್ಬರ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ಐವತ್ತು ದಾಟಿದ ಹೆಂಗಸು, ನಾಲೆ ಬಯಲಿನವರು. ಕಬ್ಬಿನ ಕೆಲಸ, ನಾಟಿ, ಮನೆಯಲ್ಲಿ ಎರಡು ಹಸು. ಎಲ್ಲೋ ಶಿಬಿರದಲ್ಲಿ ಹಿಮ್ಮಡಿಗೆ ಜೆಲ್ ಹಚ್ಚಿ, ಮಷಿನ್‌ನಲ್ಲಿ ಇಟ್ಟು ಮೂಳೆ ಪರೀಕ್ಷೆ ಮಾಡಿದ್ದಾರೆ. ಚೀಟಿಯಲ್ಲಿ -1.8 ಅಂತ ಬರೆದು ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದರು. ಆ ಚೀಟಿಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟು ತಂದಿದ್ದರು. ‘ಮೂಳೆ ಎಲ್ಲಾ ಸವ್ದೋಗವಂತೆ ಕಣವ್ವ. ಎಲ್ ಮುರ್ಕಂಡು ಬಿದ್ಬುಡ್ತೀನೋ ಅಂತ ಹಾಲಿನ ಕ್ಯಾನ್ ಎತ್ತದೇ ಬುಟ್‌ಬುಟ್ಟೆ’ ಅಂದರು. ಡೈರಿಗೆ ಹಾಲು ಹಾಕಲು ಮಗನೇ ಹೋಗಬೇಕಾಗಿತ್ತಂತೆ. ಅವರಿಗೆ ಒಂದು ಸಲವೂ ಮೂಳೆ ಮುರಿದಿಲ್ಲ. ನೋವೂ ಇರಲಿಲ್ಲ.

ಆ ಸಂಖ್ಯೆಗೆ ಏನು ಅರ್ಥ? ಅದನ್ನು ಟಿ-ಸ್ಕೋರ್ ಅನ್ನುತ್ತಾರೆ. ಅಂದರೆ ನಮ್ಮ ಮೂಳೆಯನ್ನು ಹರೆಯದವರ ಗಟ್ಟಿ ಮೂಳೆಗೆ ಹೋಲಿಸಿ ನೋಡುವ ಲೆಕ್ಕ. ವಯಸ್ಸಾದಂತೆ ಅದು ಇಳಿಯುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆ -2.5 ಮತ್ತು ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ಅಂತ ಗೆರೆ ಎಳೆದಿದೆ. ಆ ಗೆರೆ ಸೊಂಟ, ಬೆನ್ನಿನ ಮೂಳೆಗೆ ಮಾಡುವ ಡೆಕ್ಸಾ ಅನ್ನುವ ಎಕ್ಸ್-ರೇ ಸ್ಕ್ಯಾನ್‌ಗೆ ಸಂಬಂಧಪಟ್ಟದ್ದು. ಹಿಮ್ಮಡಿಗೆ ಶಬ್ದದ ಅಲೆ ಬಿಟ್ಟು ಅಳೆಯುವ ಮಷಿನ್‌ನ ಸಂಖ್ಯೆಯನ್ನು ಅದೇ ಗೆರೆಯ ಪಕ್ಕ ಇಟ್ಟು ಕಾಯಿಲೆ ಹೇಳಲು ಬರುವುದಿಲ್ಲ. ಇನ್ನೊಂದು ವಿಷಯ. ಮೂಳೆ ಗಟ್ಟಿಯಾಗಿರಬೇಕು ಅಂದರೆ ಅದರ ಮೇಲೆ ಭಾರ ಬೀಳಬೇಕು, ನಡೆಯಬೇಕು, ಎತ್ತಬೇಕು. ಇವರು ಭಯಕ್ಕೆ ಬಿಟ್ಟದ್ದು ಅದನ್ನೇ. ಉಚಿತ ಪರೀಕ್ಷೆಯಿಂದ ಅವರಿಗೆ ಸಿಕ್ಕಿದ್ದು ಇದು.

ಬೆನ್ನಿನ ಸ್ಕ್ಯಾನ್ ವರದಿ ತಂದವರಿಗೆ ‘ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿದೆ’ ಅಂತ ಹೆದರಿಸುವುದೂ ಇದೇ ಜಾತಿಯದು. ನೋವೇ ಇಲ್ಲದ 3,110 ಜನರ ಬೆನ್ನಿನ ಸ್ಕ್ಯಾನ್‌ಗಳನ್ನು ಒಟ್ಟು ಸೇರಿಸಿ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. 20ರ ವಯಸ್ಸಿನವರಲ್ಲೇ ಶೇ 37 ಜನಕ್ಕೆ ಡಿಸ್ಕ್ ಸವೆತ ಕಾಣಿಸುತ್ತಿತ್ತು. 80ರವರಲ್ಲಿ ಶೇ 96. ಎಲ್ಲರೂ ಆರಾಮಾಗಿ ಓಡಾಡಿಕೊಂಡಿದ್ದವರು! ತಲೆಗೂದಲು ನರೆಯುವ ಹಾಗೆ ಆಗುವ ಬದಲಾವಣೆಗೆ ಹತ್ತು ಸಿಟ್ಟಿಂಗ್ ಬರೆದುಕೊಡುವುದು ಯಾವ ನ್ಯಾಯ?

ಯಾವ ಕಾಯಿಲೆಗೆ ಜನರನ್ನು ಸಾಮೂಹಿಕವಾಗಿ ತಪಾಸಣೆ ಮಾಡಬಹುದು ಅನ್ನುವುದಕ್ಕೆ ವಿಲ್ಸನ್ ಮತ್ತು ಯುಂಗ್ನರ್ ಅನ್ನುವ ಇಬ್ಬರು 1968ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗೆ ಸೂತ್ರ ಬರೆದುಕೊಟ್ಟಿದ್ದಾರೆ. ಕಾಯಿಲೆ ಗಂಭೀರವಾಗಿರಬೇಕು, ಪರೀಕ್ಷೆ ನಂಬುವಂತಿರಬೇಕು, ಸಿಕ್ಕಿದರೆ ಒಪ್ಪಿತವಾದ ಚಿಕಿತ್ಸೆ ಇರಬೇಕು, ಯಾರಿಗೆ ಚಿಕಿತ್ಸೆ ಕೊಡಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು. ಇದಕ್ಕೆ ಒಳ್ಳೆಯ ಉದಾಹರಣೆ ಮೈಸೂರಿನಲ್ಲೇ ಇದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯವರು ಆಗ ತಾನೇ ಹುಟ್ಟಿದ ಮಕ್ಕಳ ಕಿವಿ ಪರೀಕ್ಷೆ ಮಾಡುತ್ತಾರೆ. ಕೂಸಿಗೆ ಕೇಳಿಸುವುದಿಲ್ಲ ಅಂತ ತಾಯಿಗೂ ಬೇಗ ಗೊತ್ತಾಗುವುದಿಲ್ಲ. ಬೇಗ ಗೊತ್ತಾದರೆ ಮಗು ಮಾತು ಕಲಿಯುತ್ತದೆ, ತಡವಾದರೆ ಕಷ್ಟ. ಅಲ್ಲಿ ತಪಾಸಣೆಯಿಂದ ಒಂದು ಬದುಕೇ ಬದಲಾಗುತ್ತದೆ. ಭುಜ ಮೇಲೆ ಕೆಳಗೆ ಇದೆ ಅಂತ ಹೇಳಿದರೆ ಏನು ಬದಲಾಗುತ್ತದೆ ಹೇಳಿ?

ನಮ್ಮ ವೃತ್ತಿಯಲ್ಲೂ ಮಾಡಬಹುದಾದ ತಪಾಸಣೆ ಇದೆ. ವಯಸ್ಸಾದವರು ಜಾರಿ ಬೀಳುವುದು. ಸೊಂಟದ ಮೂಳೆ ಮುರಿದ ಅಜ್ಜಿ ಮತ್ತೆ ಮೊದಲಿನ ಹಾಗೆ ಓಡಾಡುವುದು ಎಷ್ಟು ಕಷ್ಟ ಅಂತ ಮನೆಯಲ್ಲಿ ನೋಡಿದವರಿಗೆ ಗೊತ್ತು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಎಚ್ಚರ ವಹಿಸಬೇಕು. ಬೇಕಾಗಿರುವುದು ಒಂದು ಕುರ್ಚಿ, ಒಂದು ವಾಚು. ಕಾಲಿನ ಬಲ, ಸಮತೋಲನದ ವ್ಯಾಯಾಮದಿಂದ ಬೀಳುವುದು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇದೆ. ಆದರೂ ಇದನ್ನು ಮಾಡುವವರು ಕಡಿಮೆ. ತೋರಿಸಲು ಮಷಿನ್ ಇಲ್ಲ, ಪ್ರಿಂಟ್ ಬರಲ್ಲ, ವ್ಯಾಯಾಮ ಮನೆಯಲ್ಲೇ ಮಾಡಬಹುದು. ಅದೇ ಕಾರಣ ಅಂತ ನನಗನಿಸುತ್ತದೆ.

ವೈದ್ಯರು ರೋಗಿಗಳನ್ನು ಸೆಳೆಯುವಂತೆ ಜಾಹೀರಾತು ಮಾಡಬಾರದು, ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ತಗೋಬಾರದು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮಗಳಲ್ಲೇ ಇದೆ. ಫಿಸಿಯೋಥೆರಪಿಸ್ಟರೂ ಸೇರಿದಂತೆ ವೈದ್ಯರಲ್ಲದ ಆರೋಗ್ಯ ವೃತ್ತಿಯವರಿಗೆ 2021ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ನಮಗೆ ಮರ್ಯಾದೆ ಬೇಕು ಅಂತ ವರ್ಷಗಟ್ಟಲೆ ಹೋರಾಡಿದವರು ನಾವು. ಮರ್ಯಾದೆ ಕೇಳುವವರು ಶಾಮಿಯಾನದ ಕೆಳಗೂ ಅದನ್ನು ಉಳಿಸಿಕೊಳ್ಳಬೇಕು.

ಶಿಬಿರ ಮಾಡಿ. ಯಾವ ಕ್ಲಿನಿಕ್‌ನದು ಅಂತ ದೊಡ್ಡದಾಗಿ ಬರೆಯಿರಿ, ಮುಚ್ಚಿಡುವುದು ಬೇಡ. ಫೋನ್ ನಂಬರ್ ಕೊಡದವರನ್ನೂ ಅಷ್ಟೇ ಪ್ರೀತಿಯಿಂದ ನೋಡಿ. ಅವತ್ತು ದುಡ್ಡು ಕಟ್ಟಿಸಿಕೊಳ್ಳಬೇಡಿ, ಮನೆಗೆ ಹೋಗಿ ಯೋಚನೆ ಮಾಡಲಿ. ಚಿಕಿತ್ಸೆ ಬೇಕಾದವರಿಗೆ ಸರ್ಕಾರಿ ಆಸ್ಪತ್ರೆಗಳಾದ ಮಂಡ್ಯದ ಮಿಮ್ಸ್‌ನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ತೋರಿಸಬಹುದು ಅಂತಲೂ ಹೇಳಿ. ಬೆನ್ನುನೋವಿನ ಜೊತೆ ಮೂತ್ರ ಹಿಡಿತ ತಪ್ಪಿದವರು, ಸುಮ್ನೆ ತೂಕ ಇಳಿಯುತ್ತಿರುವವರು ಕಂಡರೆ ಕೈ ಮುಟ್ಟದೆ ತಕ್ಷಣ ಆಸ್ಪತ್ರೆಗೆ ಕಳಿಸಿ. ಉಳಿದವರಲ್ಲಿ ಹೆಚ್ಚಿನವರಿಗೆ ‘ನೀವು ಚೆನ್ನಾಗಿದ್ದೀರಿ, ಹೋಗಿ ಬನ್ನಿ’ ಅನ್ನಲು ಬಾಯಿ ಬರಬೇಕು.

ಆ ಹೆಂಗಸಿಗೆ ನಾನು ಸಿಟ್ಟಿಂಗ್ ಏನೂ ಬರೆಯಲಿಲ್ಲ. ಕ್ಯಾನ್ ಎತ್ತುವ ರೀತಿ ತೋರಿಸಿದೆ. ಮೊದಲು ಅರ್ಧ ಕ್ಯಾನ್ ಎತ್ತಿ, ಆಮೇಲೆ ಪೂರ್ತಿ ಎತ್ತಿ ಅಂದೆ. ಮೂಳೆ ಬಗ್ಗೆ ಅನುಮಾನ ಉಳಿದರೆ ಡಾಕ್ಟರ್ ಹತ್ತಿರ ಸರಿಯಾದ ಪರೀಕ್ಷೆಗೆ ಹೋಗಲಿ ಅಂತ ಚೀಟಿ ಬರೆದುಕೊಟ್ಟೆ.

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆ ವಯಸ್ಸಾದವರು ಬೀಳದ ಹಾಗೆ ನೋಡಿಕೊಳ್ಳುವ ಶಿಬಿರ ಮಾಡುವ ಫಿಸಿಯೋಗಳು ಇದ್ದರೆ ಕಾಮೆಂಟಿನಲ್ಲಿ ಹೇಳಿ. ಬ್ಯಾನರ್‌ನಲ್ಲಿ ಯಾರ ಹೆಸರಿದ್ದರೂ ಸರಿ, ನಾನು ಬರುತ್ತೇನೆ.